ಮಲೆನಾಡೂ ಅದರ ಜ್ವರಗಳೂ

ನಮ್ಮ ಕಡೆಯ ಹಳಬರ ಬಾಯಲ್ಲಿ "ನೀರು ಒಗ್ಗಲಿಲ್ಲ" ಎಂಬ ಮಾತೊಂದಿತ್ತು. ಪರಸ್ಥಳಕ್ಕೆ ಹೋಗಿ ನಾಲ್ಕು ದಿನ ಇದ್ದವನಿಗೆ ನೆಗಡಿಯಾದರೂ ನೀರು ಒಗ್ಗಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳು ವರ್ಷ ತುಂಬುವುದರೊಳಗೆ ಸೊರಗಿ ತವರಿಗೆ ಮರಳಿದರೂ ನೀರು ಒಗ್ಗಲಿಲ್ಲ. ಬಯಲುಸೀಮೆಯವರು ಈ ಮಾತನ್ನು ಹೆಚ್ಚಾಗಿ ಮಲೆನಾಡಿನ ವಿಷಯದಲ್ಲಿಯೇ ಆಡುತ್ತಿದ್ದರು. ನನ್ನ ಅಜ್ಜಿ ರಾಣೇಬೆನ್ನೂರಿನ ಕಡೆಯವಳು. ಅವಳ ಅಕ್ಕನನ್ನು ಹೊಸನಗರದ ಸೀಮೆಯ ತೋಟದ ಮನೆಯೊಂದಕ್ಕೆ ಕೊಟ್ಟಿದ್ದರಂತೆ. ಅಡಿಕೆಯ ಮನೆ, ಉಣ್ಣಲು ಉಡಲು ಕೊರತೆಯಿಲ್ಲ. ಮೂರನೆಯ ವರ್ಷದ ಬೇಸಿಗೆಯಲ್ಲಿ ಆಕೆ ತವರಿಗೆ ಬಂದಾಗ ಮುಖ ಅರಿಸಿನದಂತಾಗಿತ್ತು. ಎಡಪಕ್ಕೆಯ ಕೆಳಗೆ ಕಲ್ಲಿನಂಥ ಗಡ್ಡೆ ಕೈಗೆ ಸಿಗುತ್ತಿತ್ತು. "ಹೊಟ್ಟೆಯೊಳಗೆ ಮಲೆನಾಡನ್ನೇ ಹೊತ್ತುಕೊಂಡು ಬಂದಿದ್ದಳು" ಎಂದು ಅಜ್ಜಿ ಹೇಳುತ್ತಿದ್ದಳು. ಆಕೆ ತಿರುಗಿ ಹೋಗಲಿಲ್ಲ. ಆ ಮಳೆಗಾಲವನ್ನೂ ಕಾಣಲಿಲ್ಲ.

ಮುಂದೆ ನಾನು ಕನ್ನಡ ಪಂಡಿತನಾಗಿ ಪ್ರೌಢಶಾಲೆಯ ಕೆಲಸಕ್ಕೆ ಸೇರಿ ಸಾಗರದ ಸೀಮೆಗೆ ಬಂದಾಗ ಅಜ್ಜಿ ಇನ್ನೂ ಇದ್ದಳು. ಬಸ್ಸು ಹತ್ತಿಸುವಾಗ ಅವಳು ಹೇಳಿದ್ದು ಒಂದೇ ಮಾತು: "ನೀರು ಕಾಯಿಸಿ ಕುಡಿ, ಮಗಾ." ಕಾಯಿಸಿ ಕುಡಿಯುವುದು ಒಳ್ಳೆಯದೇ. ಆದರೆ ಅವಳ ಅಕ್ಕನನ್ನು ಕೊಂದದ್ದು ಕುಡಿದ ನೀರಲ್ಲ. ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಮ್ಮ ಮುಂದೆ ಇಡಬೇಕೆಂದು ಈ ಲೇಖನ. ಒಂದು ಸೀಮೆಯ ಕಾಡು, ಹೊಳೆ, ಗದ್ದೆ, ಅಡಿಗೆಮನೆ ಇವು ಅಲ್ಲಿಯ ಜನರ ಮೈಯಲ್ಲಿ ಹೇಗೆ ಬರೆದುಕೊಳ್ಳುತ್ತವೆ ಎಂಬುದಕ್ಕೆ ಶಿವಮೊಗ್ಗದ ಮಲೆನಾಡಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಂತೆ ಬೇರೆ ಇಲ್ಲ.

ಮೊದಲು ಆ ಗಡ್ಡೆಯ ಮಾತು. ಆಯುರ್ವೇದದ ಗ್ರಂಥಗಳಲ್ಲಿ ಪ್ಲೀಹವೆಂದು ಕರೆದಿರುವ ಅಂಗವನ್ನು ನಮ್ಮ ಜನ ಗ್ರಂಥದ ಹಂಗಿಲ್ಲದೆ ಕೈಯಿಂದಲೇ ಮುಟ್ಟಿ ತಿಳಿದು, ಅದು ಊದಿಕೊಂಡಾಗ 'ಜ್ವರಗಡ್ಡೆ' ಎಂದು ಹೆಸರಿಟ್ಟರು. ಚಳಿಜ್ವರಕ್ಕೂ ಆ ಗಡ್ಡೆಗೂ ಸಂಬಂಧವುಂಟೆಂಬ ನಿದಾನ ಈ ಒಂದು ಸಮಾಸದಲ್ಲಿಯೇ ಅಡಗಿದೆ. ಮುಂದೆ ವೈದ್ಯರು ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ಅಳೆಯಬೇಕಾದಾಗ ಮಾಡಿದ್ದೂ ಇದನ್ನೇ: ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆ ಮುಟ್ಟಿ, ನೂರಕ್ಕೆ ಎಷ್ಟು ಮಕ್ಕಳಿಗೆ ಗಡ್ಡೆಯಿದೆಯೆಂದು ಎಣಿಸಿದರು. ಇನ್ನು 'ಮಲೇರಿಯಾ' ಎಂಬ ಶಬ್ದವೋ, ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. ಅವರು ಗಾಳಿಯನ್ನು ದೂರಿದರು, ನಾವು ನೀರನ್ನು ದೂರಿದೆವು. ಅವರಿಗಿಂತ ನಾವೇ ನಿಜಕ್ಕೆ ಕೊಂಚ ಹತ್ತಿರದಲ್ಲಿದ್ದೆವೆಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಇಂದು ಕೆಳದಿ, ಇಕ್ಕೇರಿಗಳನ್ನು ನೋಡಲು ಹೋದವರಿಗೆ ಕಾಣುವುದು ದೇವಾಲಯ, ಅಡಿಕೆ ತೋಟ, ಮಳೆಗೆ ಕಪ್ಪಾದ ಹೆಂಚಿನ ಮನೆಗಳು. ಇದೇ ಸೀಮೆ ಒಂದು ಕಾಲದಲ್ಲಿ ರಾಜಧಾನಿಗಳ ಸೀಮೆಯಾಗಿತ್ತು. ಪೀಯೆತ್ರೊ ದೆಲ್ಲ ವಾಲ್ಲೆ ಎಂಬ ಇಟಲಿಯ ಪ್ರವಾಸಿ ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿದನು. ಅನಂತರ ರಾಜಧಾನಿ ಬಿದನೂರಿಗೆ ಹೋಯಿತು. ಶಿವಪ್ಪನಾಯಕನು ಗದ್ದೆ ತೋಟಗಳನ್ನು ಅಳೆಸಿ ಕಂದಾಯದ 'ಶಿಸ್ತು' ಮಾಡಿದುದು ಪ್ರಸಿದ್ಧವಾಗಿಯೇ ಇದೆ. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ನಗರವೆಂಬ ಹೆಸರು ಪಡೆಯಿತು. ಅಂಥ ನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಜನಗಣತಿಗಳು ಮತ್ತೆ ಮತ್ತೆ ಒಂದೇ ವ್ಯಥೆಯನ್ನು ಬರೆದಿವೆ: ಮೈಸೂರು ಸಂಸ್ಥಾನದ ಉಳಿದ ಭಾಗಗಳಲ್ಲಿ ಜನ ಹೆಚ್ಚುತ್ತಿರುವಾಗ ಮಲೆನಾಡಿನ ತಾಲ್ಲೂಕುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ರಾಜಧಾನಿ ಹೋದುದು, ವ್ಯಾಪಾರದ ದಾರಿಗಳು ಬದಲಾದುದು, ಪ್ಲೇಗು, ಇವೆಲ್ಲಕ್ಕೂ ಅದರಲ್ಲಿ ಪಾಲುಂಟು. ಆದರೆ ಹುಟ್ಟಿದ ಮಗು ಉಳಿಯದಂತೆ, ಉಳಿದವನು ದುಡಿಯದಂತೆ ಮಾಡಿದ್ದು ಮುಖ್ಯವಾಗಿ ಚಳಿಜ್ವರವೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ೧೯೧೪ರಲ್ಲಿ, ಮಲೆನಾಡಿನ ಅಭಿವೃದ್ಧಿಗೆಂದೇ ಸಂಸ್ಥಾನವು ಬೇರೆ ಒಂದು ಯೋಜನೆಯನ್ನು ಆರಂಭಿಸಬೇಕಾಯಿತೆಂದರೆ ಸ್ಥಿತಿ ಎಷ್ಟು ಕೆಟ್ಟಿದ್ದಿತೆಂಬುದನ್ನು ತಾವೇ ಊಹಿಸಬಹುದು.

ಸೊಳ್ಳೆಯೇ ಮಲೇರಿಯಾವನ್ನು ಒಯ್ಯುತ್ತದೆಂದು ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಸಿಕಂದರಾಬಾದಿನಲ್ಲಿ ೧೮೯೭ರ ಆಗಸ್ಟ್ ೨೦ರಂದು ಕಂಡುಕೊಂಡ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಅಷ್ಟಾಗಿ ಹೇಳದ ಮಾತೊಂದುಂಟು. ಅದಕ್ಕೆ ಎಷ್ಟೋ ವರ್ಷ ಮೊದಲು, ೧೮೮೩ರ ಸುಮಾರಿಗೆ, ಇದೇ ರಾಸ್ ಬೆಂಗಳೂರಿನ ದಂಡಿನಲ್ಲಿದ್ದಾಗ ತನ್ನ ಬಂಗಲೆಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಮನೆಯಲ್ಲಿ ಸೊಳ್ಳೆ ಕಡಿಮೆಯಾದುದನ್ನು ಗಮನಿಸಿದ್ದನು. ಬೆಂಗಳೂರಿನಲ್ಲಿ ತೊಟ್ಟಿ ಬೋರಲು ಹಾಕಿದರೆ ಆಯಿತು. ಮಲೆನಾಡಿನಲ್ಲಿ ಏನನ್ನು ಬೋರಲು ಹಾಕುವುದು?

ಇದು ತಮಾಷೆಯ ಪ್ರಶ್ನೆಯಲ್ಲ. ಕೊಳೆತು ನಿಂತ ಕೊಚ್ಚೆ ನೀರು ರೋಗದ ತವರೆಂದು ನಾವೆಲ್ಲ ತಿಳಿದಿರುತ್ತೇವೆ. ಮಲೆನಾಡಿನಲ್ಲಿ ಜ್ವರವನ್ನು ಹರಡಿದ ಸೊಳ್ಳೆಯ ಶಾಸ್ತ್ರೀಯ ನಾಮ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಲ್ಯಾಟಿನ್ನಿನ ಆ ಎರಡನೆಯ ಪದಕ್ಕೆ 'ಹೊಳೆಗೆ ಸೇರಿದ್ದು' ಎಂದರ್ಥ. ಅದು ಮೊಟ್ಟೆಯಿಡುವುದು ತಿಳಿಯಾದ ನೀರಿನಲ್ಲಿ: ಮೆಲ್ಲಗೆ ಹರಿಯುವ ಹಳ್ಳದ ಹುಲ್ಲಂಚಿನಲ್ಲಿ, ಗುಡ್ಡದ ಬುಡದ ಒರತೆಯಲ್ಲಿ, ಮೆಟ್ಟಿಲು ಗದ್ದೆಗಳ ಜಿನುಗಿನಲ್ಲಿ, ಅಡಿಕೆ ತೋಟದ ಬಸಿಗಾಲುವೆಗಳಲ್ಲಿ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಒರತೆಯ ನೀರು. ಮಲೆನಾಡಿನ ಗೃಹಸ್ಥನು ತಲೆಮಾರುಗಳ ವಿವೇಕದಿಂದ ಕಟ್ಟಿಕೊಂಡ ಬದುಕಿನ ವಿನ್ಯಾಸ ಇದು. ಆ ಸೊಳ್ಳೆಗೂ ಇದಕ್ಕಿಂತ ಒಳ್ಳೆಯ ವಿನ್ಯಾಸ ಬೇಕಾಗಿರಲಿಲ್ಲ. ನೀರು ಎಷ್ಟು ಸ್ವಚ್ಛವೋ ಜ್ವರ ಅಷ್ಟು ಹೆಚ್ಚು. ಅಜ್ಜಿಯ ಅಕ್ಕನ ಮನೆಯ ಬಾಗಿಲಲ್ಲಿ ಹರಿಯುತ್ತಿದ್ದ ನೀರನ್ನು ಕುಡಿದರೆ ಏನೂ ಆಗುತ್ತಿರಲಿಲ್ಲ. ಅದರ ಪಕ್ಕದಲ್ಲಿ ಮಲಗಿದ್ದೇ ತಪ್ಪಾಯಿತು.

೧೯೨೦ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮಲೇರಿಯಾದ ಅಧ್ಯಯನಕ್ಕೆ ಕ್ಷೇತ್ರ ಕೇಂದ್ರಗಳನ್ನು ತೆರೆಯಿತು. ನಾಲೆಯ ಸೀಮೆಗೆ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಒಣಸೀಮೆಗೆ ಹಿರಿಯೂರು, ಮಲೆನಾಡಿಗೆ ಮೂಡಿಗೆರೆ. ಬೇರೆ ಬೇರೆ ನೆಲಕ್ಕೆ ಬೇರೆ ಬೇರೆ ಸೊಳ್ಳೆ, ಬೇರೆ ಬೇರೆ ಉಪಾಯ ಎಂಬುದು ಅಲ್ಲಿ ಸ್ಥಿರಪಟ್ಟಿತು. ಹಳ್ಳಗಳಿಗೆ ಎಣ್ಣೆ ಬಿಟ್ಟರು, ಪ್ಯಾರಿಸ್ ಗ್ರೀನ್ ಎಂಬ ಹಸಿರು ವಿಷಪುಡಿ ಎರಚಿದರು, ಕ್ವಿನೈನ್ ಹಂಚಿದರು. ನೂರಾರು ಒರತೆಗಳ ನಾಡಿನಲ್ಲಿ ಇದು ಸಮುದ್ರಕ್ಕೆ ಉಪ್ಪು ಹಾಕಿದಂತೆ. ನಿಜವಾದ ತಿರುವು ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಡಿಡಿಟಿಯಿಂದ. ೧೯೪೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತಕ್ಕೆ ಕಳುಹಿಸಿದ ಮಲೇರಿಯಾ ತಂಡಗಳಲ್ಲಿ ಒಂದು ನಮ್ಮ ಮಲೆನಾಡಿಗೆ ಬಂದಿತು. ಹೊಳೆಯನ್ನು ಬಿಟ್ಟು ಮನೆಯ ಗೋಡೆಗೆ ಮದ್ದು ಹೊಡೆಯುವುದು ಈ ಹೊಸ ಉಪಾಯ. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ಅಲ್ಲಿಯೇ ಸಾಯುತ್ತದೆ. ನಾನು ಮೊದಲು ಕೆಲಸ ಮಾಡಿದ ಊರಿನ ಮುದುಕಿಯೊಬ್ಬರು ಈ ಮದ್ದಿನವರು ಬಂದ ದಿನವನ್ನು ಬಹಳ ಬೇಸರದಿಂದ ನೆನೆಸಿಕೊಳ್ಳುತ್ತಿದ್ದರು. ಮಗಳ ಮದುವೆಗೆಂದು ಕೆಮ್ಮಣ್ಣಿನ ಗೋಡೆಯ ಮೇಲೆ ಅವರು ಬರೆದಿದ್ದ ಹಸೆ ಚಿತ್ತಾರದ ಮೇಲೆಲ್ಲ ಬಿಳಿಯ ಕಲೆ ಕೂತಿತಂತೆ. "ಚಿತ್ತಾರ ಹೋಯಿತು, ಆದರೆ ಅಲ್ಲಿಂದ ಈಚೆಗೆ ಮನೆಯಲ್ಲಿ ಮಕ್ಕಳು ಉಳಿದವು ನೋಡಿ" ಎಂದು ಅವರೇ ಮಾತು ಮುಗಿಸುತ್ತಿದ್ದರು.

ಮಕ್ಕಳು ಉಳಿದವು, ನಿಜ. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದಿತು. ೧೯೫೮ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಬರುತ್ತಿದ್ದ ಜ್ವರ ೧೯೬೫ರ ವೇಳೆಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ೧೯೭೬ರಲ್ಲಿ ಅದು ತಿರುಗಿ ಅರವತ್ತು ಲಕ್ಷ ದಾಟಿದ್ದು ಬೇರೆಯೇ ಒಂದು ಕಥೆ. ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಜ್ವರ ಹೋದೊಡನೆ ಮೈಯಲ್ಲಿ ರಕ್ತ ತುಂಬಿತೆ? ಇಲ್ಲ. ಇಲ್ಲಿ ಅಡಿಗೆಮನೆಯ ಕಡೆಗೆ ಸ್ವಲ್ಪ ನೋಡಬೇಕಾಗುತ್ತದೆ. ಮಲೆನಾಡು ಅನ್ನದ ನಾಡು. ಬೆಳಿಗ್ಗೆ ಗಂಜಿಯೋ ಅಕ್ಕಿರೊಟ್ಟಿಯೋ, ಮಧ್ಯಾಹ್ನ ರಾತ್ರಿ ಅನ್ನ. ಆ ಮಳೆಯಲ್ಲಿ ರಾಗಿ ಜೋಳಗಳು ಒಗ್ಗುವುದಿಲ್ಲ. ರಾಗಿಗೂ ಭತ್ತಕ್ಕೂ ಜಗಳ ಹುಟ್ಟಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ರಾಗಿಯನ್ನು ಗೆಲ್ಲಿಸಿದ ಕಥೆಯನ್ನು ಕನಕದಾಸರು 'ರಾಮಧಾನ್ಯಚರಿತ್ರೆ'ಯಲ್ಲಿ ಹೇಳಿದ್ದಾರೆ. ಕಾಗಿನೆಲೆಯ ಕನಕದಾಸರು ಬಯಲಿನವರು. ಘಟ್ಟದ ಮೇಲೆ ಇದ್ದಿದ್ದರೆ ಸೆರೆಯ ತೇವಕ್ಕೆ ರಾಗಿಯೇ ಮೊದಲು ಮುಗ್ಗುತ್ತಿತ್ತೆಂದು ನನ್ನ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ವಾದ ಹೂಡಿದ್ದನು. ಅವನಿಗೆ ಉತ್ತರ ಕೊಡಲು ನನಗೆ ಆ ದಿನ ಸಾಧ್ಯವಾಗಲಿಲ್ಲ.

ಒನಕೆಯಿಂದ ಕುಟ್ಟಿದ ಅಕ್ಕಿಯ ಮೇಲೆ ತೌಡಿನ ಪದರ ಸ್ವಲ್ಪವಾದರೂ ಉಳಿಯುತ್ತಿತ್ತು. ಅಕ್ಕಿಯ ಗಿರಣಿ ಬಂದ ಮೇಲೆ ಅಕ್ಕಿ ಮಲ್ಲಿಗೆಯಂತಾಯಿತು. ತೌಡು ಕೊಟ್ಟಿಗೆಗೆ ಹೋಯಿತು. ಯಜಮಾನನಿಗಿಂತ ಎಮ್ಮೆಯ ಊಟವೇ ಪುಷ್ಟಿಕರವಾಯಿತೆಂದರೆ ಅತಿಶಯೋಕ್ತಿಯಲ್ಲ. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು ೧೮೯೦ರ ದಶಕದಲ್ಲಿ ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡು ಕೊಟ್ಟರೆ ಅವು ಎದ್ದು ನಿಲ್ಲುವುದನ್ನೂ ಕಂಡನು. ಮನುಷ್ಯರ ಬೆರಿಬೆರಿ ರೋಗದ ಮೂಲ ಅಲ್ಲಿಂದ ತಿಳಿಯಿತು. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿಯು ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದನು. ಗೋಧಿ, ಹಾಲು, ಬೇಳೆ, ಸೊಪ್ಪು ತಿನ್ನುವ ಪಂಜಾಬಿನ ಸಿಖ್ಖರ ಊಟ ತಿಂದ ಇಲಿಗಳು ಕೊಬ್ಬಿದವು. ಅನ್ನವೇ ಪ್ರಧಾನವಾದ ನಮ್ಮ ದಕ್ಷಿಣದ ಊಟ ತಿಂದವು ಸೊರಗಿದವು. ಅವನ ತರುವಾಯ ಬಂದ ಐಕ್ರಾಯ್ಡ್ ೧೯೩೭ರಲ್ಲಿ ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಕುಚ್ಚಲಕ್ಕಿ ಉಣ್ಣುವ ಕಡೆಗಳಲ್ಲಿ ಬೆರಿಬೆರಿಯ ಸುಳಿವಿಲ್ಲದಿರುವಾಗ, ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ನಂಬಿದ್ದ ಆಂಧ್ರದ ಕರಾವಳಿಯಲ್ಲಿ ಅದು ಬೀಡುಬಿಟ್ಟಿದ್ದಿತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಸತ್ವ ಅಕ್ಕಿಯೊಳಕ್ಕೆ ಇಳಿಯುತ್ತದೆ. ನಮ್ಮ ದಕ್ಷಿಣ ಕನ್ನಡದವರು ಶಾಸ್ತ್ರ ಓದದೆಯೇ ಬದುಕಿಕೊಂಡರು.

ಹಾಗೆಂದು ಹೆಂಗಸರು ತಿರುಗಿ ಒನಕೆ ಹಿಡಿಯಲಿ ಎಂದು ನಾನು ಹೇಳುವವನಲ್ಲ. ನಸುಕಿನಲ್ಲಿ ಎದ್ದು ಭತ್ತ ಕುಟ್ಟಿದ ತಾಯಂದಿರ ತೋಳು ನೋವಿಗೆ ಗಿರಣಿ ದೊಡ್ಡ ಉಪಕಾರವನ್ನೇ ಮಾಡಿತು. ಒನಕೆಯ ಹಾಡುಗಳನ್ನು ಸಂಗ್ರಹಿಸಿ ಮೆಚ್ಚುವ ನಮ್ಮಂಥ ಪಂಡಿತರು ಒಂದು ದಿನವೂ ಒನಕೆ ಎತ್ತಿದವರಲ್ಲ. ಅನ್ನದ ಜೊತೆಗೆ ಏನು ಬಡಿಸುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ಉಳ್ಳವರ ಮನೆಯಲ್ಲಿ ಹಾಲು, ಮೊಸರು, ಬೇಳೆ, ತೋಟದ ತರಕಾರಿ. ಗದ್ದೆಯ ಆಳಿನ ಮನೆಯಲ್ಲಿ ಕಾಡು ಕೊಟ್ಟದ್ದು, ಹಳ್ಳ ಕೊಟ್ಟದ್ದು: ಕೆಸು, ಕಳಲೆ, ಅಣಬೆ, ಹಲಸು, ಗದ್ದೆಯ ಏಡಿ, ಹಳ್ಳದ ಮೀನು. ಇದರ ಮೇಲೆ ಕೊಕ್ಕೆಹುಳು ಬೇರೆ. ನೆರಳೂ ತೇವವೂ ಇರುವ ತೋಟದ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆದವನ ಅಂಗಾಲಿನ ಮೂಲಕ ಒಳಹೊಕ್ಕು ಕರುಳಿನಲ್ಲಿ ನೇತುಬಿದ್ದು ರಕ್ತ ಹೀರುವ ಹುಳು ಅದು. ಜ್ವರ ಅರ್ಧ ರಕ್ತ ಕುಡಿದರೆ ಹುಳು ಉಳಿದ ಅರ್ಧ. "ಮಲೆನಾಡಿನ ಆಳು ಸೋಮಾರಿ" ಎಂದು ಬೈಯುವುದನ್ನು ನಾನು ಎಷ್ಟೋ ಜಗಲಿಗಳಲ್ಲಿ ಕೇಳಿದ್ದೇನೆ. ಬೈಯುವವರ ಕಾಲಲ್ಲಿ ಸಾಮಾನ್ಯವಾಗಿ ಚಪ್ಪಲಿ ಇರುತ್ತಿತ್ತು.

ಈಗ ಕಾಡಿನ ಅಂಚಿಗೆ ಬರೋಣ. ಸೊರಬ, ಸಾಗರದವರು ಹಸಿರು ಇಂಗದ ದಟ್ಟ ಕಾಡಿಗೆ 'ಕಾನು' ಎನ್ನುತ್ತಾರೆ. ಮೆಣಸಿನ ಬಳ್ಳಿ, ಬೈನೆ, ದೇವರ ಬನ, ಊರಿನ ಕೆರೆಗೆ ನೀರು, ಎಲ್ಲವೂ ಕಾನಿನಿಂದ. ಬ್ರಾಂಡಿಸ್, ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ೧೮೬೮ರಲ್ಲಿಯೇ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದಿದ್ದಾರೆ. ಚಳಿಜ್ವರದ ಭಯವಿರುವ ತನಕ ಈ ಕಾಡುಗಳಿಗೆ ಹೊಸಬರು ಬರಲು ಅಂಜುತ್ತಿದ್ದರು. ಜ್ವರ ಅಡಗಿದ ಮೇಲೆ ಅಂಜಿಕೆಯೂ ಅಡಗಿತು. ಜನ ಬಂದರು, ಇದ್ದವರ ಮಕ್ಕಳು ಬೆಳೆದರು, ಕಾಡಿನೊಳಕ್ಕೆ ಗದ್ದೆ ನುಗ್ಗಿತು, ದನಗಳ ಹಿಂಡು ಹೆಚ್ಚಿತು. ಮಲೇರಿಯಾ ಕಾಯುತ್ತಿದ್ದ ಬಾಗಿಲನ್ನು ಡಿಡಿಟಿ ತೆರೆಯಿತು. ಮನುಷ್ಯನು ಆ ಬಾಗಿಲಿನಿಂದ ಒಳಹೊಕ್ಕನು. ಒಳಗೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

೧೯೫೭ರ ಬೇಸಿಗೆ. ಕನ್ನಡನಾಡು ಒಂದಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಮರದಿಂದ ಉದುರಿ ಸಾಯತೊಡಗಿದವು. ಹನುಮಂತನ ಕುಲವೆಂದು ಕೆಲವರು ಸತ್ತ ಮಂಗಕ್ಕೆ ಹೂವು ಏರಿಸಿ ಮಣ್ಣು ಮಾಡಿದರು. ಅದೇ ಹೊತ್ತಿನಲ್ಲಿ ಕಾಡಿಗೆ ಹೋಗಿಬಂದ ಜನ ಮಲಗತೊಡಗಿದರು. ಇದ್ದಕ್ಕಿದ್ದಂತೆ ಬರುವ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮೀನಖಂಡಗಳಲ್ಲಿ ಸೆಳೆತ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಹೋಯಿತು. ಅಲ್ಲಿಯವರ ಎದೆ ಝಲ್ಲೆಂದಿತು. ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹೀಗೆ ಮಂಗಗಳು ಸತ್ತರೆ ಅದು ಪೀತಜ್ವರದ ಲಕ್ಷಣ. ಆ ಮಾರಿ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರರಾವ್ ಮೊದಲಾದವರು ಈ ಕಾಡಿನ ಶೋಧನೆಗೆ ನಿಂತರು. ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಸಿಕ್ಕಿದ್ದು ಪೀತಜ್ವರವಲ್ಲ. ಪ್ರಪಂಚಕ್ಕೆ ಅದುವರೆಗೆ ತಿಳಿಯದಿದ್ದ ಹೊಸ ವೈರಸ್ಸು. ಸೈಬೀರಿಯದ ಕಡೆಯ ಒಂದು ಕಾಡುಜ್ವರದ ದಾಯಾದಿ. ಸೊರಬದ ಒಂದು ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು: ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮವರು ಅದನ್ನು ಮಂಗನ ಕಾಯಿಲೆ ಎಂದರು.

ಸೈಬೀರಿಯದ ನೆಂಟಸ್ತನ ಕಂಡು, ಚಳಿಗಾಲಕ್ಕೆ ಅಲ್ಲಿಂದ ಹಾರಿಬರುವ ಹಕ್ಕಿಗಳೇ ಇದನ್ನು ತಂದಿರಬೇಕೆಂದು ಮೊದಲು ಸಂಶಯಪಟ್ಟರು. ಸಲೀಂ ಅಲಿಯವರೂ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡುದಕ್ಕೆ ಇದೂ ಒಂದು ಪ್ರೇರಣೆ. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ಹಕ್ಕಿಶಾಸ್ತ್ರಕ್ಕೆ ಮಾತ್ರ ಒಳ್ಳೆಯ ಲಾಭವಾಯಿತು. ರೋಗ ಒಯ್ಯುವುದು ಉಣುಗು ಎಂಬುದು ಸ್ಥಿರವಾಯಿತು. ಅದರ ಸಂಸಾರವನ್ನು ಸ್ವಲ್ಪ ತಿಳಿದುಕೊಂಡರೆ ತಮಗೆ ಎಲ್ಲ ಅರ್ಥವಾಗುತ್ತದೆ. ಬೆಳೆದ ಉಣುಗು ಮಳೆಗಾಲದಲ್ಲಿ ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು ನೆಲಕ್ಕೆ ಉದುರಿ, ಒಂದೊಂದೂ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಒಣಎಲೆಯ ಮೇಲೆ ಗುಂಪಾಗಿ ಕಾಯುತ್ತವೆ. ಅವು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಎಳ್ಳಿನಷ್ಟಾದಾಗ, ಎಂದರೆ ಚಳಿಗಾಲ ಬೇಸಿಗೆಗಳಲ್ಲಿ, ಮನುಷ್ಯನನ್ನೂ ಹತ್ತುತ್ತವೆ. ಸತ್ತ ಮಂಗದ ಮೈ ತಣ್ಣಗಾದೊಡನೆ ಅದರ ಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ.

ವೈರಸ್ಸು ಕಾನಿನಲ್ಲಿ ಹಿಂದಿನಿಂದಲೂ ಇದ್ದಿತು. ಆದರೆ ಊರದನಗಳು ಕಾಡಿನೊಳಗೆ ಮೇಯತೊಡಗಿದಾಗ ಬೆಳೆದ ಉಣುಗಿಗೆ ಹಿಂದೆ ವಿರಳವಾಗಿದ್ದ ಊಟ ಬೇಕಾದಷ್ಟು ಸಿಕ್ಕಿತು. ಕಡಿದ ಕಾಡಿನ ಅಂಚಿನಲ್ಲಿ ಲಂಟಾನದ ಪೊದೆ ಎದ್ದಿತು. ಉಣುಗು ಹೆಚ್ಚಿತು, ಮಂಗಗಳು ಸತ್ತವು, ಮನುಷ್ಯನು ನಡುವೆ ಸಿಕ್ಕಿಕೊಂಡನು. ಕಾಡಿನ ಈ ಬದಲಾವಣೆಗೂ ರೋಗಕ್ಕೂ ಗಂಟುಹಾಕಿ ಹೋರ್ಗೆ ಬೊಶೆಲ್ ಎಂಬ ವಿಜ್ಞಾನಿ ೧೯೬೯ರಲ್ಲಿ ವಿವರವಾಗಿ ಬರೆದನು. ಅವನ ಮಾತಿಗೆ ಮುಂದೆ ಘೋರವಾದ ಸಾಕ್ಷ್ಯ ದೊರೆಯಿತು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡನ್ನು ಕಡಿದಾಗ, ೧೯೮೨ರ ಕೊನೆಯಿಂದ ೧೯೮೩ರ ಬೇಸಿಗೆಯವರೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಮಂಗನ ಕಾಯಿಲೆಗೆ ಗುರಿಯಾದರು. ೨೦೧೨ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಅದು ಹಬ್ಬಿದೆ. ೨೦೧೮-೧೯ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾನಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ತೊಂಬತ್ತರ ದಶಕದಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ೨೦೨೨ರಲ್ಲಿ ಅದನ್ನು ನಿಲ್ಲಿಸಿದರು.

ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಆದುದರಿಂದ ಪೇಟೆಯಲ್ಲಿ ರೇಡಿಯೋ ಪಕ್ಕದಲ್ಲಿ ಕುಳಿತ ತಮಗೂ ನನಗೂ ಇದರ ಭಯ ಅಷ್ಟಾಗಿ ಇಲ್ಲ. ಬರುವುದು ಯಾರಿಗೆ? ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಲೇಬೇಕಾದವರಿಗೆ. ಸೌದೆ ತರುವವಳಿಗೆ, ದನ ಕಾಯುವ ಹುಡುಗನಿಗೆ, ಕೊಟ್ಟಿಗೆಗೆ ಹಾಸಲು ದರಗು ಗುಡಿಸುವವಳಿಗೆ. ಕೊಟ್ಟಿಗೆಯ ದರಗು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಅಡಿಕೆ ಮರ ಹಸಿರಾಗುತ್ತದೆ. ದರಗನ್ನು ಗುಡಿಸುವ ಕೈ ಒಂದು, ಅಡಿಕೆಯ ಮಂಡಿಯಲ್ಲಿ ಹಣ ಎಣಿಸುವ ಕೈ ಇನ್ನೊಂದು.

ಇನ್ನೊಂದು ವ್ಯಾಧಿಯ ಮಾತು ಹೇಳದೆ ಹೋದರೆ ಈ ಚರಿತ್ರೆ ಅಪ್ರಾಮಾಣಿಕವಾಗುತ್ತದೆ. ಏಕೆಂದರೆ 'ಎಲ್ಲವೂ ಪರಿಸರದಿಂದ, ಎಲ್ಲವೂ ಆಹಾರದಿಂದ' ಎಂದು ಹಟ ಹಿಡಿಯುವವರಿಗೆ ಅದು ಪಾಠ ಕಲಿಸಿತು. ೧೯೭೫ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ವಿಚಿತ್ರವಾದ ಕೀಲುರೋಗ ಬೆಳಕಿಗೆ ಬಂದಿತು. ಮೊದಲು ತೊಡೆಸಂದಿನಲ್ಲಿ ನೋವು, ಅನಂತರ ಓಲಾಡುವ ನಡಿಗೆ, ಕೊನೆಗೆ ಕೆಲವರಿಗೆ ತೆವಳುವುದೊಂದೇ ಗತಿ. ಕೆಲವು ಮನೆಗಳಲ್ಲಿ ಮಕ್ಕಳು ಬೆಳೆಯದೆ ಗಿಡ್ಡಗಾಗಿಯೇ ಉಳಿದರು. ಶಿವಮೊಗ್ಗ ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಅದು ಕಂಡಿತು. ನರಳಿದವರೆಲ್ಲ ಬಹುಮಟ್ಟಿಗೆ ಗದ್ದೆಯಲ್ಲಿ ಕೂಲಿ ಮಾಡುವ ದಲಿತ ಕುಟುಂಬದವರು. ಕಾರಣವೇನು? ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಆ ವಿಷ ಏಡಿಯ ಮೈ ಸೇರುತ್ತದೆ, ಏಡಿಯನ್ನು ಈ ಜನ ತಿನ್ನುತ್ತಾರೆ ಎಂಬ ವಾದ ಎದ್ದಿತು. ಕೇಳಿದೊಡನೆ ನಂಬುವಂಥ ವಾದ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ಮನೆಮನೆಯ ವಂಶಾವಳಿ ಬರೆದು ೧೯೭೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ಕರೆದರು. ಮುಂದಿನ ಶೋಧನೆಗಳೂ ಇದು ತಂದೆತಾಯಿಯಿಂದ ಮಕ್ಕಳಿಗೆ ರಕ್ತದಲ್ಲಿ ಇಳಿದು ಬರುವ ಎಲುಬಿನ ದೋಷವೆಂದೇ ತೋರಿಸಿದವು. ಕೆಲವೇ ಕುಟುಂಬಗಳು ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಳ್ಳುವಾಗ ಅಂಥ ದೋಷ ಒಂದೇ ಕಡೆ ದಟ್ಟವಾಗುತ್ತದೆ. ಏಡಿ ನಿರಪರಾಧಿ.

ಬಡವನ ರೋಗಕ್ಕೆ ಬಡವನ ತಟ್ಟೆಯನ್ನೇ ಅಪರಾಧಿಯನ್ನಾಗಿ ಮಾಡುವುದು ಸುಲಭ. ಆದರೂ ಈ ರೋಗದಲ್ಲಿ ನೆಲದ ಪಾತ್ರ ಏನೂ ಇಲ್ಲವೆಂದು ನಾನು ಒಪ್ಪಲಾರೆ. ಕುರ್ಚಿಯ ಮೇಲೆ ಕುಳಿತು ಪಾಠ ಹೇಳುವ ನನಗೆ ತೊಡೆಸಂದು ಹಿಡಿದುಕೊಂಡರೆ ಕೋಲು ಹಿಡಿದು ಶಾಲೆಗೆ ಹೋದೇನು. ತಿಂಗಳಿಗೆ ಸಂಬಳ ಬಂದೀತು. ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವವಳಿಗೆ ಅದೇ ನೋವು ಬಂದರೆ ಆ ದಿನದಿಂದಲೇ ಒಲೆ ಆರುತ್ತದೆ. ದೋಷ ರಕ್ತದಲ್ಲಿದ್ದರೂ ಅದು ಎಷ್ಟು ದೊಡ್ಡ ರೋಗವಾಗಬೇಕೆಂಬುದನ್ನು ಗದ್ದೆಯೇ ತೀರ್ಮಾನಿಸುತ್ತದೆ.

ಈಚೆಗೆ ಒಂದು ಫೆಬ್ರವರಿಯಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ನಾಲ್ಕು ದಿನ ಬರಲಿಲ್ಲ. ಜ್ವರವೇನೋ ಎಂಬ ಅಳುಕಿನಿಂದ ಸಂಜೆ ಅವರ ಮನೆಗೆ ನಡೆದೆ. ಕಾನಿನ ಅಂಚಿನ ಮನೆ. ಹುಡುಗನು ಗಟ್ಟಿಯಾಗಿಯೇ ಇದ್ದನು. ತಾಯಿಯ ಸಂಗಡ ದರಗು ಹೊರಲು ಹೋಗುತ್ತಿದ್ದನಂತೆ. ಆ ವಾರ ತೋಟದ ಮನೆಯವರಿಗೆ ಹೊರೆ ಲೆಕ್ಕದಲ್ಲಿ ದರಗು ಬೇಕಾಗಿತ್ತು.

"ಕಾಡಿಗೆ ಹೋಗುವಾಗ ಮೈಗೆ ಹಚ್ಚಿಕೊಳ್ಳಲು ಆಶಾ ಕಾರ್ಯಕರ್ತೆ ಎಣ್ಣೆ ಕೊಟ್ಟಿಲ್ಲವೇನಮ್ಮಾ?" ಎಂದು ಕೇಳಿದೆ.

"ಕೊಟ್ಟಿದಾರೆ ಮೇಷ್ಟ್ರೇ" ಎಂದು ಆಕೆ ಒಳಗೆ ಹೋಗಿ ದೇವರ ಗೂಡಿನಿಂದ ಶೀಸೆಯನ್ನು ತಂದು ತೋರಿಸಿದಳು. ಮುಕ್ಕಾಲು ತುಂಬಿಯೇ ಇತ್ತು.

"ಹಚ್ಚಿಕೊಳ್ಳದೆ ಇಟ್ಟಿದ್ದೀರಲ್ಲಾ?"

"ಇವನಿಗೆ ದಿನಾ ಹಚ್ಚೇ ಕಳಿಸೋದು. ನಾನು ಒಂದಿನ ಬಿಟ್ಟು ಒಂದಿನ ಹಚ್ಕೊಳ್ತೀನಿ. ಖಾಲಿಯಾದರೆ ಮತ್ತೆ ಯಾವಾಗ ಕೊಡ್ತಾರೋ ಏನೋ" ಎಂದು ಶೀಸೆಯ ಮುಚ್ಚಳವನ್ನು ಬಿಗಿಮಾಡಿ ತಿರುಗಿ ಗೂಡಿನಲ್ಲಿಟ್ಟಳು.